ಎರಡು ಸಲ ಬಿದ್ದ ಬಟ್ಟಲು

ತೆಕ್ಕಟ್ಟೆ

ಯುರೋಪಿಗೆ ಹೋಗಿ ಬಂದವರೆಲ್ಲ ಅಲ್ಲಿನ ರಸ್ತೆ ಎಷ್ಟು ಚೊಕ್ಕ ಎಂದು ಬರೆಯುತ್ತಾರೆ. ನನಗೆ ರಸ್ತೆಯ ಗೊಡವೆ ಇರಲಿಲ್ಲ. ನಾನು ಹೋದದ್ದು ಒಬ್ಬ ಮುದುಕ ಸ್ಯಾಕ್ಸೊಫೋನು ಊದುವುದನ್ನು ಕೇಳಲು. ನನ್ನ ಜೊತೆಗಿದ್ದದ್ದು ಆ ಸಂಗೀತವನ್ನು ಇಡೀ ಕುಂದಾಪುರ ತಾಲೂಕಿನಲ್ಲೇ ಅತಿ ಹೆಚ್ಚು ಗೇಲಿ ಮಾಡಿದ ಮನುಷ್ಯ, ನನ್ನ ಹೆಂಡತಿಯ ಅಣ್ಣ, ಸಂಜೀವ ಭಾವ. ನನ್ನ ವಿಮಾನದ ಟಿಕೆಟ್ಟೂ ಅವರದೇ ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡಿರಬೇಕಾಯಿತು.

ಮುದುಕನ ಪರಿಚಯವಾದದ್ದು ತೊಂಬತ್ತೇಳರಲ್ಲಿ. ನಾನು ಆಗ ಮುಂಬಯಿ ಬಂದರಿನ ಹತ್ತಿರ ಶಿಪ್ಪಿಂಗ್ ಆಫೀಸೊಂದರಲ್ಲಿ ಗುಮಾಸ್ತ. ಪಕ್ಕದ ಮೇಜಿನ ಗೋವೆಯ ಹಿರಿಯರು ನಿವೃತ್ತರಾಗಿ ಊರಿಗೆ ಹೊರಟಾಗ ನನ್ನ ಕೈಗೆ ಈ ಸ್ಯಾಕ್ಸೊಫೋನಿನವನ ಒಂದು ಕ್ಯಾಸೆಟ್ಟು ಇಟ್ಟರು. ರೂಮಿಗೆ ಬಂದು ಹಾಕಿದರೆ, ಯಂತ್ರ ಟೇಪು ನುಂಗುತ್ತಿದೆ ಅನ್ನಿಸಿ ಎದ್ದು ಬಟನ್ ಒತ್ತಿದೆ. ಟೇಪು ನೆಟ್ಟಗಿತ್ತು. ಮತ್ತೆ ಹಾಕಿದೆ. ಒಬ್ಬ ಮನುಷ್ಯ ಅಳುತ್ತ, ಬೈಯುತ್ತ, ಯಾರನ್ನೋ ಕರೆಯುತ್ತ ಇದ್ದ ಹಾಗಿತ್ತು. ಅದರಲ್ಲಿ ರಾಗವಿಲ್ಲ, ತಾಳವಿಲ್ಲ, ಪಲ್ಲವಿಯಂತೂ ಇಲ್ಲವೇ ಇಲ್ಲ. ಆದರೆ ಅವತ್ತು ನನಗೆ ಊಟ ಬೇಡವಾಯಿತು. ಇದಕ್ಕೆ ಫ್ರೀ ಜಾಝ್ ಎನ್ನುತ್ತಾರೆ, ನುಡಿಸುವವರು ಏನನ್ನೂ ಮೊದಲೇ ಗೊತ್ತು ಮಾಡಿಕೊಳ್ಳದೆ ವೇದಿಕೆಗೆ ಬರುತ್ತಾರೆ, ಆ ಗಳಿಗೆಯಲ್ಲಿ ಹುಟ್ಟಿದ್ದನ್ನು ನುಡಿಸುತ್ತಾರೆ, ಒಮ್ಮೆ ನುಡಿಸಿದ್ದು ಲೋಕದಲ್ಲಿ ಮತ್ತೆ ಬರುವುದಿಲ್ಲ ಎಂದೆಲ್ಲ ಆಮೇಲೆ ತಿಳಿದುಕೊಂಡೆ. ಆ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಊರಿಗೆ ಮರಳಿ, ಭಾವನ ಮೀನು ರಫ್ತಿನ ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ ನಿಂತ ಮೇಲೂ ಆ ಮಾತನ್ನು ಬಿಡಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಅದನ್ನು ಬೋಧಿಸಿದೆ.

ಬೋಧನೆಗೆ ನಮ್ಮೂರು ತೆಕ್ಕಟ್ಟೆ ಹೇಗೆ ಸ್ಪಂದಿಸಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಪಕ್ಕದ ಮನೆಯ ಶೀನಣ್ಣ ಒಂದು ದಿನ ಕೋಟದಿಂದ ರೇಡಿಯೊ ರಿಪೇರಿಯವನನ್ನು ಕರೆದುಕೊಂಡೇ ಬಂದ.

"ಹ್ವಾಯ್, ನಿಮ್ಮ್ ಟೇಪಿನ್ ಬೆಲ್ಟ್ ಹೋಯ್ತ್ ಕಾಣತ್ತ್. ಇವ್ರ್ ಸಮ ಮಾಡಿ ಕೊಡ್ತ್ರ್" ಎಂದ.

ರಿಪೇರಿಯವನು ಕಿವಿಗೊಟ್ಟು ಕೇಳಿದ. ಮುಚ್ಚಳ ತೆಗೆದು ಇಣುಕಿದ. "ಬೆಲ್ಟ್ ಸಮ ಇತ್ತ್. ಊದ್ವನಿಗೇ ಎಂತೋ ಆಯ್ತ್" ಎಂದು ಹೇಳಿ ಚಾ ಕುಡಿದು ಹೋದ.

ಭಾವನ ಕುಹಕ ಇನ್ನೂ ಹರಿತ. "ಒಂದ್ಸಲ ಊದ್ದದ್ದ್ ಮತ್ತ್ ಬತ್ತಿಲ್ಲೆ ಅಂತ್ರಿ. ಹಾಂಗಾರೆ ದಿನಾ ಕ್ಯಾಸೆಟ್ ಹಾಕಿ ಅದನ್ನೇ ಕೇಂಬುದ್ ಎಂತಕೆ?"

"ಅದ್ ಫೋಟೊ ಭಾವ. ಮನ್ಶ ಬೇರೆ, ಫೋಟೊ ಬೇರೆ."

"ಫೋಟೊಕ್ಕೆ ದಿನಾ ಕೈ ಮುಗಿವುದ್ ಮನ್ಶ ಹೋದ್ಮೇಲೆ, ಭಾವಯ್ಯ."

ಇದೇ ಭಾವ ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಬ್ರಸೆಲ್ಸಿನ ಮೀನು ಮೇಳಕ್ಕೆ ಹೊರಟರು. ಇಂಗ್ಲಿಷು ಮಾತಾಡಲು ನಾನು ಬೇಕಿತ್ತು. ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ನನ್ನ ಮುದುಕ ಇನ್ನೂ ಬದುಕಿದ್ದ. ಅಷ್ಟೇ ಅಲ್ಲ, ಮೇಳ ಮುಗಿದ ಮೇಲಿನ ಶನಿವಾರ ಜರ್ಮನಿಯ ವುಪರ್ಟಾಲಿನಲ್ಲಿ, ಭಾನುವಾರ ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ ನುಡಿಸುವವನಿದ್ದ. ಮೀನಿನ ದಿನಗಳು ಭಾವನವು, ಪೀಪಿಯ ದಿನಗಳು ನನ್ನವು ಎಂದು ಒಪ್ಪಂದವಾಯಿತು. ಭಾವ ಹಟ್ಟಿಯಂಗಡಿ ಗಣಪತಿಗೆ ಹೋಗಿ ಪ್ರಯಾಣಕ್ಕೆ ಹರಕೆ ಹೇಳಿಕೊಂಡು ಬಂದರು. ನಾನು ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡೆ, ಮುದುಕನ ಸಹಿ ಹಾಕಿಸಬೇಕೆಂದು.

ನನ್ನ ಹೆಂಡತಿ ಶಾರದ ಬಾಗಿಲಲ್ಲಿ ನಿಂತು ಹೇಳಿದಳು, "ಅಣ್ಣಯ್ಯ, ಇವ್ರನ್ನ ಅಲ್ಲೇ ಬಿಟ್ಟ್ ಬಂದ್ರೂ ಅಡ್ಡಿಲ್ಲೆ. ಆ ಕ್ಯಾಸೆಟ್ ಒಂದ್ ವಾಪಸ್ ಬಪ್ಪುದ್ ಬ್ಯಾಡ."

ಬ್ರಸೆಲ್ಸ್

ಮೀನಿನ ವಾಸನೆಯೇ ಇಲ್ಲದ ಮೀನು ಮೇಳವನ್ನು ನಾನು ಮೊದಲ ಬಾರಿ ನೋಡಿದೆ. ಸೂಟು ಹಾಕಿದವರು, ಅತ್ತರು ಪೂಸಿಕೊಂಡವರು, ಗಾಜಿನ ಲೋಟದಲ್ಲಿ ದ್ರಾಕ್ಷಾರಸ ಹಿಡಿದವರು ಓಡಾಡುತ್ತಿದ್ದರು. ಇವರಲ್ಲಿ ಒಬ್ಬರೂ ಜನ್ಮದಲ್ಲಿ ಮೀನು ಮುಟ್ಟಿದ ಹಾಗೆ ಕಾಣಲಿಲ್ಲ. ನಮ್ಮ ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರನ್ನು ಇಲ್ಲಿ ತಂದು ಬಿಟ್ಟರೆ, ಒಂದೇ ಗಳಿಗೆಯಲ್ಲಿ ಇವರ ಟೈ ಸಡಿಲಾಗುತ್ತಿತ್ತು.

ಭಾವ ಒಂದು ಮಳಿಗೆಯ ಮುಂದೆ ನಿಂತರು. ಮಂಜುಗಡ್ಡೆಯ ಹಾಸಿನ ಮೇಲೆ ನಮ್ಮ ಅಂಜಲ್‌ನಂಥ ಉದ್ದನೆಯ ಮೀನು ಮಲಗಿತ್ತು. ಕಿವಿರು ನೋಡದೆ ಮೀನಿನ ಬಗ್ಗೆ ಮಾತಾಡುವ ಅಭ್ಯಾಸ ನಮ್ಮವರಿಗಿಲ್ಲ. ಭಾವ ಹೆಬ್ಬೆರಳು ತೂರಿಸಿ ಕಿವಿರು ಎತ್ತಲು ನೋಡಿದರು. ಅದು ಜಪ್ಪಯ್ಯ ಅನ್ನಲಿಲ್ಲ. ಇನ್ನಷ್ಟು ಬಲ ಹಾಕಿದಾಗ ಮೀನಿನ ಮುಖದ ಒಂದು ಚೂರು ಅವರ ಕೈಗೇ ಬಂತು. ಅದು ಮೇಣದ ಮೀನು. ಮಳಿಗೆಯ ಹುಡುಗಿ ಓಡಿ ಬಂದು ನಮಗೇ ಕ್ಷಮೆ ಕೇಳಿದಳು. ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು.

"ಮೀನಿನ್ ಮೇಳಕ್ಕೆ ಸುಳ್ಳ್ ಮೀನ್ ತಂದಿಟ್ಟಿರಲೆ" ಎಂದು ಭಾವ ಹೊರಗೆ ಬಂದ ಮೇಲೂ ಗೊಣಗಿದರು. "ಇವ್ರಿಗೆ ನಮ್ಮ್ ಬೊಂಡಾಸ ಮೀನ್ ಮಾರುಕೆ ನಂಗೆ ಮನ್ಸೇ ಬತ್ತಿಲ್ಲೆ."

ನಾನು ನಕ್ಕೆ. ಎರಡು ದಿನದಲ್ಲಿ ಆ ಮೇಣದ ಮೀನು ನನ್ನ ಹೊಟ್ಟೆಯಲ್ಲೂ ಕೂರಲಿದೆ ಎಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ವುಪರ್ಟಾಲ್

ಈ ಊರಿನಲ್ಲಿ ರೈಲು ಹಳಿಯ ಕೆಳಗೆ ನೇತಾಡಿಕೊಂಡು ಹೊಳೆಯ ಮೇಲೆಯೇ ಹೋಗುತ್ತದೆ. ಭಾವ ಕಿಟಕಿಯಿಂದ ಕೆಳಗೆ ನೋಡಿ, "ನಮ್ಮ್ ಗಂಗೊಳ್ಳಿಗೆ ಇಂಥದ್ದೊಂದ್ ಇದ್ದಿದ್ರೆ ಕುಂದಾಪ್ರಕ್ಕೆ ತ್ರಾಸಿ ಸುತ್ತಿ ಬಪ್ಪು ಕೆಲ್ಸ ಇರ್ಲಿಲ್ಲೆ" ಎಂದರು. ಪ್ರವಾಸದಲ್ಲಿ ಅವರು ಮೆಚ್ಚಿದ ಮೊದಲ ವಸ್ತು ಅದು.

ಮಧ್ಯಾಹ್ನದ ಸಂಗೀತ ಕಛೇರಿ ಇದ್ದದ್ದು ಒಂದು ಕಾಲದಲ್ಲಿ ಲಾಡಿ ನೇಯುತ್ತಿದ್ದ ಹಳೆಯ ಕಾರ್ಖಾನೆಯಲ್ಲಿ. ಸ್ವಾತಂತ್ರ್ಯದ ಸಂಗೀತವಾದ್ದರಿಂದ ಕಟ್ಟುಪಾಡುಗಳು ಬಹಳ ಇದ್ದವು. ಕೋಟನ್ನು ಹೊರಗೇ ತೂಗುಹಾಕಬೇಕು. ಕುರ್ಚಿ ಕದಲಿಸಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಬಾಗಿಲು ಹಾಕಿದ ಮೇಲೆ ಸತ್ತರೂ ಹೊರಗೆ ಹೋಗುವಂತಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಅಂಗಿ ಬಿಚ್ಚಿಸುವ ಭಟ್ಟರೂ ಇವರಷ್ಟು ಬಿಗಿಯಲ್ಲ. ಬಾಗಿಲಲ್ಲಿ ಒಂದು ಹಾಳೆ ಕೊಟ್ಟರು. ಈ ಸಂಗೀತವನ್ನು ವಿವರಿಸಲು ಸಾಧ್ಯವಿಲ್ಲ ಎಂಬುದನ್ನು ಅದರ ಎರಡೂ ಬದಿಯಲ್ಲಿ ವಿವರಿಸಿದ್ದರು.

ಕೇಳಲು ಬಂದವರೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದರು. ಕಪ್ಪು ಅಂಗಿ, ನರೆತ ಗಡ್ಡ, ಮಗುವಿಗೆ ಜ್ವರ ಬಂದವರ ಮುಖ. ಇಂಥವರ ನಡುವೆ ಕೂರಬೇಕೆಂದು ನಾನು ಹತ್ತು ವರ್ಷಕ್ಕೂ ಮೇಲೆ ಆಸೆಪಟ್ಟಿದ್ದೆ. ಪಕ್ಕದ ಗಡ್ಡದವನು ನಾನು ಭಾರತದವನೆಂದು ತಿಳಿದ ಕೂಡಲೇ ಧ್ಯಾನ ಮಾಡುತ್ತೀರಾ ಎಂದು ಕೇಳಿದ. ಮೀನಿನ ರಫ್ತು ಮಾಡುತ್ತೇವೆ ಎಂದೆ. ಅವನಿಗೆ ನಿರಾಸೆಯಾಯಿತು.

ಮುದುಕ ಬಂದ. ಕ್ಯಾಸೆಟ್ಟಿನ ಹೊದಿಕೆಯ ಮೇಲಿದ್ದ ಗುಂಗುರು ಕೂದಲು ಪೂರ್ತಿ ಹೋಗಿತ್ತು. ಜೊತೆಗೆ ಡ್ರಮ್ಮಿನವನೊಬ್ಬ. ಅವನ ಡ್ರಮ್ಮಿನ ಮೇಲೆ ಹಿತ್ತಾಳೆಯ ಒಂದು ಪುಟ್ಟ ಬಟ್ಟಲು ಕೂತಿತ್ತು. ಮುದುಕ ಮೊದಲು ಬರೀ ಉಸಿರು ಬಿಟ್ಟ. ಆಮೇಲೆ ಕೆಳಗಿನ ಒಂದು ಸ್ವರವನ್ನು ಎಳೆದೆಳೆದು ಹರಿದ. ಥಟ್ಟನೆ ಮೂರು ಚೀತ್ಕಾರ. ಅದರ ಹಿಂದೆಯೇ ಪೀಪಿ ಕೀಚಲಾಯಿತು, ಕೈತಪ್ಪಿ ಆದ ಹಾಗೆ. ಅದೇ ಗಳಿಗೆಗೆ ಡ್ರಮ್ಮಿನ ಮೇಲಿನ ಬಟ್ಟಲು ಅದುರಿ ಅದುರಿ ಅಂಚಿಗೆ ಸರಿದು ನೆಲಕ್ಕೆ ಬಿದ್ದು ಟಣ್ ಎಂದಿತು. ಮುದುಕ ಬೆಚ್ಚಿದವನ ಹಾಗೆ ನಿಂತ. ಬಟ್ಟಲಿನ ಸದ್ದು ಪೂರ್ತಿ ಅಡಗುವ ತನಕ ಕಾದ. ಆಮೇಲೆ ಆ ಸದ್ದನ್ನೇ ಹಿಡಿದು ಮೇಲಕ್ಕೆ ಹೋದ.

ನನಗೆ ಕಣ್ಣು ತುಂಬಿತು. ಭಾವನ ಕೈ ಹಿಡಿದುಕೊಂಡು ಕಿವಿಯಲ್ಲಿ ಹೇಳಿದೆ, "ಕಂಡ್ರ್ಯಾ ಭಾವ? ಆ ಬಟ್ಲ್ ಬೀಳತ್ತ್ ಅಂತ ಯಾರಿಗೂ ಗೊತ್ತಿರ್ಲಿಲ್ಲೆ. ಇದ್ ಮತ್ತ್ ಯಾವತ್ತೂ ಬತ್ತಿಲ್ಲೆ."

ಭಾವ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಆಶ್ಚರ್ಯವೆಂದರೆ ಅವರಿಗೆ ಅದು ಹಿಡಿಸಿತ್ತು. ಅವರು ಹಿಡಿಸಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜನವಲ್ಲ. ಯೌವನದಲ್ಲಿ ಗದ್ದೆಯ ಟೆಂಟಿನ ಯಕ್ಷಗಾನದ ಆಟಗಳಲ್ಲಿ ಭಾಗವತರ ಒಂದು ಪದ ಹಿಡಿಸಿದರೆ ಎದ್ದು ನಿಂತು ಒನ್ಸ್ ಮೋರ್ ಕೂಗಿ, ಅದನ್ನು ಮತ್ತೆ ಹಾಡಿಸದೆ ಬಿಟ್ಟವರಲ್ಲ. ಒಮ್ಮೆ ಸತ್ತು ಬಿದ್ದ ರಕ್ಕಸನನ್ನು ಎಬ್ಬಿಸಿ ಇನ್ನೊಮ್ಮೆ ಕುಣಿಸಿ ಸಾಯಿಸಿದ್ದಾರೆ. ಮುದುಕ ಸ್ಯಾಕ್ಸೊಫೋನು ಇಳಿಸಿದ. ಸಭೆ ಉಸಿರು ಬಿಗಿಹಿಡಿದು ಮೌನವಾಗಿ ಕೂತಿತ್ತು. ಆ ಮೌನದಲ್ಲಿ ಭಾವ ಎದ್ದು, ಗಂಗೊಳ್ಳಿಯಿಂದ ಹೊಳೆಯಾಚೆಯ ಕೋಡಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದರು.

"ಒನ್ಸ್ ಮೋರ್."

ಭೂಮಿ ಬಾಯ್ತೆರೆಯಬಾರದೇ ಅನ್ನಿಸಿತು. ನಾನು ಅವರ ಅಂಗಿ ಹಿಡಿದು ಎಳೆದೆ. ಗಡ್ಡದವನು ನನ್ನ ಕಡೆ ತಿರುಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದ, "ಈ ಸಂಗೀತ ಮರಳಿ ಬರುವುದಿಲ್ಲ. ನಿಮ್ಮ ಗೆಳೆಯರಿಗೆ ತಿಳಿಸಿ." ನಾನೇ ಊರಿಡೀ ಹೇಳಿಕೊಂಡು ಬಂದ ಮಾತನ್ನು ನನಗೇ ಹೇಳಿದ.

ಮುದುಕ ಹಣೆಗೆ ಕೈ ಅಡ್ಡ ಹಿಡಿದು ಯಾರು ಕೂಗಿದ್ದು ಎಂದು ನೋಡಿದ. ನಕ್ಕ. ಡ್ರಮ್ಮಿನವನಿಗೆ ಕಣ್ಣಲ್ಲೇ ಏನೋ ಹೇಳಿದ. ಡ್ರಮ್ಮಿನವನು ಬಟ್ಟಲನ್ನು ಹೆಕ್ಕಿ ಮತ್ತೆ ಡ್ರಮ್ಮಿನ ಮೇಲೆ ಇಟ್ಟ.

ಉಸಿರು ಬಂತು. ಎಳೆದು ಹರಿದ ಸ್ವರ ಬಂತು. ಮೂರು ಚೀತ್ಕಾರ ಬಂತು. ಕೈತಪ್ಪಿ ಆದ ಕೀಚಲು, ಅದೇ ಜಾಗದಲ್ಲಿ, ಮತ್ತೆ ಕೈತಪ್ಪಿತು. ನಾನು ಬಟ್ಟಲನ್ನೇ ನೋಡುತ್ತಿದ್ದೆ. ಬೀಳಬೇಡ, ಬೀಳಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಅದುರಿ ಅದುರಿ ಅಂಚಿಗೆ ಸರಿದು, ಬಿದ್ದು, ಟಣ್ ಎಂದಿತು. ಮುದುಕ ಮೊದಲಿನ ಹಾಗೆಯೇ ಬೆಚ್ಚಿದ.

ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಮರಳಿ ಬರುವುದಿಲ್ಲ ಎಂದಿದ್ದ ಗಡ್ಡದವನೇ ಎಲ್ಲರಿಗಿಂತ ಜೋರಾಗಿ ತಟ್ಟುತ್ತ, "ಎಂಥ ಹಾಸ್ಯಪ್ರಜ್ಞೆ" ಎಂದ. ನನಗೆ ಮೇಣದ ಮೀನು ನೆನಪಾಯಿತು. ಸಹಿಗೆಂದು ತಂದ ಕ್ಯಾಸೆಟ್ಟನ್ನು ಜೇಬಿನಿಂದ ತೆಗೆಯದೆ ಹೊರಗೆ ಬಂದೆ.

ಆಂಟ್‌ವರ್ಪಿನ ರೈಲು

ಭಾವನ ಸಂತೋಷವನ್ನು ಸಹಿಸುವುದು ಆ ದಿನ ನನ್ನಿಂದ ಆಗಲಿಲ್ಲ.

"ಪಾಪ, ಅಜ್ಜಯ್ಯ ನಂಗೋಸ್ಕರ ಮತ್ತೊಂದ್ಸಲ ಊದ್ದ್ರ್. ಆ ಪ್ರಾಯದಂಗೆ ಅಷ್ಟ್ ಉಸ್ರ್ ಎಲ್ಲಿಂದ ತಂದ್ರೊ."

"ಅವ್ರ್ ಬಾಯಿಪಾಠ ಮಾಡ್ಕಂಡ್ ಬಂದದ್ ಭಾವ."

"ಮಾಡ್ರೆ ತಪ್ಪೆಂತ? ನಮ್ಮ್ ಭಾಗವತ್ರ್ ಮಾಡುದಿಲ್ಯಾ?"

"ಭಾಗವತ್ರ್ ಬಾಯಿಪಾಠ ಅಂತ್ಲೇ ಹೇಳ್ತ್ರ್. ಇವ್ರ್ ಈಗ ಹುಟ್ಟಿದ್ದ್ ಅಂತ್ರ್. ಆ ಬಟ್ಲ್ ಬಿದ್ದದ್ದ್?"

ಭಾವ ಕಾಲು ಚಾಚಿದರು. "ಬಟ್ಲ್ ಅಷ್ಟ್ ಸಮ ಬೀಳ್ಸುಕೂ ಅಭ್ಯಾಸ ಬೇಕಲ್ದಾ" ಎಂದರು. ಆಮೇಲೆ ಸಮಾಧಾನವಾಗಿ ನಿದ್ದೆ ಹೋದರು.

ಕಿಟಕಿಯ ಹೊರಗೆ ಸಂಜೆ ಬೆಳಕಿನಲ್ಲಿ ಹಸುರು ಬಯಲು, ದಪ್ಪ ದಪ್ಪ ದನಗಳು. ಇವುಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನಾನು ಜೇಬಿನ ಕ್ಯಾಸೆಟ್ಟನ್ನು ತೆಗೆದು ತಿರುಗಿಸಿ ತಿರುಗಿಸಿ ನೋಡಿದೆ. ಮೀನಿನ ಬೆಲೆ ಹೋದರೆ ಮುಂದಿನ ವಾರ ಬಂದೀತು, ನನಗೆ ಹೋದದ್ದು ಹಾಗೆ ಬರುವಂಥದ್ದಲ್ಲ. ಬ್ರಹ್ಮಾವರದ ಮದುವೆ ಮನೆಯಲ್ಲಿ, ಬೈಂದೂರಿನ ಬಸ್ಸಿನಲ್ಲಿ, ಸಾಸ್ತಾನದ ಚಾದಂಗಡಿಯಲ್ಲಿ ನಾನು ಜನರ ನಗೆ ತಡೆದುಕೊಂಡದ್ದು ಒಂದೇ ಒಂದು ನಂಬಿಕೆಯ ಬಲದಿಂದ. ಎಲ್ಲವೂ ಮೊದಲೇ ಬರೆದಿಟ್ಟಂತೆ ನಡೆಯುವ ಲೋಕದಲ್ಲಿ ಎಲ್ಲೋ ಒಬ್ಬ ಮನುಷ್ಯ ಏನೂ ಗೊತ್ತಿಲ್ಲದೆ ಬಾಯಿ ತೆರೆಯುವ ಧೈರ್ಯ ಮಾಡುತ್ತಾನೆ ಎಂಬ ನಂಬಿಕೆ ಅದು. ಅವನೂ ದಿನಾ ಅದೇ ಕೀಚಲು, ಅದೇ ಬಟ್ಟಲು ಇಟ್ಟುಕೊಂಡು ಊರೂರು ತಿರುಗುವವನಾದರೆ, ತೆಕ್ಕಟ್ಟೆಯ ಜನ ನಕ್ಕದ್ದೇ ಸರಿ. ನಾಳೆ ಬಟ್ಟಲು ಮೂರನೇ ಸಲ ಬಿದ್ದರೆ ಈ ಕ್ಯಾಸೆಟ್ಟು ಆಂಟ್‌ವರ್ಪಿನ ಹೊಳೆಗೆ ಎಂದು ನಿಶ್ಚಯ ಮಾಡಿದೆ. ಶಾರದೆಯ ಆಸೆಯಾದರೂ ನೆರವೇರಲಿ.

ಆಂಟ್‌ವರ್ಪ್

ಇಲ್ಲಿ ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೋಗದವರು ಸಂಗೀತಕ್ಕೆ ಹೋಗುತ್ತಾರೆ. ಕಾಫಿ, ಬೆಣ್ಣೆಯ ರೊಟ್ಟಿ, ಆಮೇಲೆ ಕಛೇರಿ. ಸಭಾಂಗಣ ಚಿಕ್ಕದು, ಜನ ಇನ್ನೂ ಕಡಿಮೆ. ನಮ್ಮೂರಿನ ಸೊಸೈಟಿಯ ವಾರ್ಷಿಕ ಸಭೆಗೆ ಇದಕ್ಕಿಂತ ಹೆಚ್ಚು ಮಂದಿ ಬರುತ್ತಾರೆ, ಬೋಂಡದ ಆಸೆಗಾದರೂ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದಳು. ಅವಳನ್ನು ಯಾರೂ ತಡೆಯಲಿಲ್ಲ. ವುಪರ್ಟಾಲಿನವರಾಗಿದ್ದರೆ ಅವಳ ಸೂಜಿ ಕಸಿದುಕೊಳ್ಳುತ್ತಿದ್ದರು.

ಡ್ರಮ್ಮಿನವನು ಬಂದು ಹಿತ್ತಾಳೆಯ ಬಟ್ಟಲನ್ನು ಡ್ರಮ್ಮಿನ ಮೇಲೆ ಇಟ್ಟ. ನಿನ್ನೆ ಇಟ್ಟ ಜಾಗದಲ್ಲೇ ಇಟ್ಟ. ನಾನು ಅಲ್ಲಿಂದ ಕಣ್ಣು ಕೀಳಲಿಲ್ಲ.

ಮುದುಕ ಸ್ಯಾಕ್ಸೊಫೋನನ್ನು ಬಾಯಿಗಿಟ್ಟ. ನಿನ್ನೆಯ ಉಸಿರೇ ಮೊದಲು ಬಂತು. ನನ್ನ ಕೈ ಜೇಬಿಗೆ ಹೋಯಿತು. ಆದರೆ ಅಷ್ಟಕ್ಕೇ ಅವನು ನಿಲ್ಲಿಸಿದ. ನಮ್ಮ ಸಾಲಿನ ಕಡೆ ನೋಡಿದ. ನೋಡಿದ್ದು ಭಾವನನ್ನು. ನಿನ್ನೆ ಕೂಗಿದವರ ಮುಖ ಅವನಿಗೆ ನೆನಪಿತ್ತು. ಭಾವ ಮದುವೆ ಮನೆಯಲ್ಲಿ ನೆಂಟರನ್ನು ಕಂಡವರಂತೆ ಕೈ ಎತ್ತಿದರು. ಮುದುಕ ತಲೆ ಬಗ್ಗಿಸಿದ. ಮುಂದೆ ಹೋಗಿ ಡ್ರಮ್ಮಿನ ಮೇಲಿನ ಬಟ್ಟಲನ್ನು ತಾನೇ ಎತ್ತಿ ನೆಲದ ಮೇಲಿಟ್ಟ. ಡ್ರಮ್ಮಿನವನ ಮುಖ ನೋಡುವಂತಿತ್ತು. ಆಟದ ನಡುವೆ ಪ್ರಸಂಗವನ್ನೇ ಬದಲಾಯಿಸಿದರೆ ವೇಷಧಾರಿ ಹೀಗೆಯೇ ನೋಡಿಯಾನು.

ಆಮೇಲೆ ಬಂದದ್ದನ್ನು ಹೊಗಳಲು ನನ್ನಿಂದ ಸಾಧ್ಯವಿಲ್ಲ. ಅದು ಕೆಟ್ಟದಾಗಿತ್ತು. ಮುದುಕ ಒಂದು ಕಡೆ ಹೊರಟ, ಅಲ್ಲಿ ಏನೂ ಸಿಗಲಿಲ್ಲ, ಮರಳಿದ. ಡ್ರಮ್ಮಿನವನು ಕಾಯಬೇಕಾದಲ್ಲಿ ಬಡಿದ, ಬಡಿಯಬೇಕಾದಲ್ಲಿ ಕಾದ. ಇಬ್ಬರೂ ಒಟ್ಟಿಗೆ ನಿಂತುಬಿಟ್ಟರು. ಮುದುಕನ ಉಸಿರು ತುಂಡಾಗುತ್ತಿತ್ತು. ಒಂದು ಸ್ವರವನ್ನು ಹುಡುಕುತ್ತ ಅದರ ಸುತ್ತಮುತ್ತ ಎಲ್ಲ ಮುಟ್ಟಿದ, ಅದನ್ನು ಮಾತ್ರ ಮುಟ್ಟಲಿಲ್ಲ. ಇವನಿಗೆ ನಿಜವಾಗಿಯೂ ವಯಸ್ಸಾಗಿದೆ ಎಂದು ನನಗೆ ಆಗ ಗೊತ್ತಾಯಿತು. ನಿನ್ನೆ ಅದು ಗೊತ್ತಾಗಿರಲಿಲ್ಲ. ಭಾವ ಆಕಳಿಸಿದರು. ಅಜ್ಜಿ ಹೆಣಿಗೆಯ ಮನೆ ಎಣಿಸತೊಡಗಿದಳು. ಕೊನೆ ಎನ್ನುವುದೂ ಇರಲಿಲ್ಲ. ಮುದುಕ ಸುಮ್ಮನೆ ಬಾಯಿಂದ ಪೀಪಿ ತೆಗೆದ, ಅಷ್ಟೆ.

ನಾಲ್ಕು ಮಂದಿ ಸಭ್ಯತೆಗೆ ಕೈ ತಟ್ಟಿದರು. ನನಗೋ ಸಂತೋಷ ತಡೆಯಲಾಗಲಿಲ್ಲ. ಬದುಕಿನಲ್ಲಿ ಎಂದೂ ಸಭೆಯಲ್ಲಿ ಬಾಯಿ ಬಿಡದ ನಾನು ಎದ್ದು ನಿಂತೆ.

"ಒನ್ಸ್ ಮೋರ್" ಎಂದು ಕೂಗಿದೆ.

ಭಾವ ನನ್ನ ಅಂಗಿ ಹಿಡಿದು ಎಳೆದರು. "ಇದ್ಕಾ? ಮಂಡೆ ಸಮ ಇಲ್ಯಾ ನಿಮ್ಗೆ?"

ಮುದುಕ ಈ ಸಲ ನನ್ನನ್ನು ನೋಡಿದ. ಬೆವರು ಒರೆಸಿಕೊಂಡ. "ನಿನ್ನೆಯದ್ದು ಬೇಕಾದರೆ ಕೊಡುತ್ತೇನೆ" ಎಂದ ಇಂಗ್ಲಿಷಿನಲ್ಲಿ. "ಅದು ನನ್ನ ಹತ್ತಿರ ಇದೆ."

"ಬೇಡ, ಇದೇ ಬೇಕು" ಎಂದೆ.

ಅವನು ಎರಡೂ ಕೈಗಳನ್ನು ಬಿಚ್ಚಿ ತೋರಿಸಿದ. "ಇದು ಹೋಯಿತು" ಎಂದ. ಅಜ್ಜಿ ನಕ್ಕಳು. ಅವನೂ ನಕ್ಕ.

ಸಹಿ ಹಾಕಿಸುವುದು ಮರೆತೇಹೋಯಿತು. ಹೊಳೆಯ ದಂಡೆಯಲ್ಲಿ ಬಹಳ ಹೊತ್ತು ನಡೆದೆವು, ಆದರೆ ಜೇಬಿನಿಂದ ಏನನ್ನೂ ತೆಗೆಯಲಿಲ್ಲ. ಭಾವ ನೀರಿನಲ್ಲಿ ಮೀನಿನ ದೋಣಿಗಳೇ ಇಲ್ಲವಲ್ಲ ಎಂದು ಹಳಿಯುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಮತ್ತೆ ತೆಕ್ಕಟ್ಟೆ

ಶಾರದ ಮೊದಲು ನೋಡಿದ್ದು ನನ್ನ ಜೇಬನ್ನು. "ವಾಪಸ್ ತಂದ್ರ್ಯಾ?" ಎಂದು ನಿಟ್ಟುಸಿರು ಬಿಟ್ಟಳು. ಆಮೇಲೆ ಚಾ ತಂದಿಟ್ಟು, "ಅಷ್ಟ್ ದೂರ ಹೋಯಿ ಕೇಂಡ್ರಿ. ಹ್ಯಾಂಗಿತ್ತ್, ಹೇಳಿ ಕಾಂಬ" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಲ್ಲಿ ಕೂತಿದ್ದ ಭಾವ ಶುರು ಮಾಡಿದರು. ಉಸಿರು ಬಿಟ್ಟರು. ಗಂಟಲಲ್ಲಿ ಸ್ವರ ಎಳೆದು ಹರಿದರು. ಮೂರು ಚೀತ್ಕಾರ, ಒಂದು ಕೀಚಲು. ಬರಿದಾದ ಚಾದ ಲೋಟವನ್ನು ಬೆರಳಿನಿಂದ ಅಂಚಿಗೆ ಸರಿಸಿ ನೆಲಕ್ಕೆ ಬೀಳಿಸಿ ಬೆಚ್ಚಿಬಿದ್ದರು. ವುಪರ್ಟಾಲಿನ ಕಛೇರಿ, ಒಂದು ಕೂದಲೂ ಆಚೀಚೆ ಆಗದ ಹಾಗೆ. ಶಾರದ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬೇಲಿಯಾಚೆಯಿಂದ ಶೀನಣ್ಣ ಒನ್ಸ್ ಮೋರ್ ಎಂದ. ಭಾವ ಲೋಟ ಹೆಕ್ಕಿ ಮತ್ತೊಮ್ಮೆ ಪೂರ್ತಿ ಮಾಡಿ ತೋರಿಸಿದರು.

"ಮತ್ತೊಂದ್ ಕೇಂಡ್ರಿ ಅಲ್ದಾ ಅಣ್ಣಯ್ಯ, ಆಯ್ತವಾರ? ಅದ್ ಹ್ಯಾಂಗಿತ್ತ್?" ಎಂದು ಶಾರದ ಕೇಳಿದಳು.

ಭಾವ ಬಾಯಿ ತೆರೆದರು. ಕೈ ಅಲ್ಲಾಡಿಸಿ ಏನನ್ನೋ ನೆನಪಿಗೆ ತಂದುಕೊಳ್ಳಲು ನೋಡಿದರು. ಕಡೆಗೆ ನನ್ನ ಕಡೆ ತಿರುಗಿ, "ಅದ್ ಎಂತದೋ ಮಾರಾಯ್ರೆ, ಒಂಚೂರೂ ಬತ್ತಿಲ್ಲೆ. ನಿಮ್ಗೆ ಬತ್ತಾ?" ಎಂದರು.

ನನಗೂ ಬರಲಿಲ್ಲ. ಅದನ್ನು ಕೇಳಲೆಂದೇ ನಾನು ಅಷ್ಟು ದೂರ ಹೋಗಿದ್ದು.